ಮಲಪ್ರಭೆಯ ಸೀಮೆಯಲ್ಲಿ ಧ್ಯಾನಕುಟಿಗಳ ರಚನೆ

ಧ್ಯಾನಕ್ಕಾಗಿಯೂ ದೇಹಮನಸ್ಸುಗಳ ಸ್ವಾಸ್ಥ್ಯಕ್ಕಾಗಿಯೂ ಊರನ್ನು ಬಿಟ್ಟು ಕೆಲವು ದಿನ ಅರಣ್ಯದ ನೆರೆಯಲ್ಲಿ ವಾಸಿಸಬೇಕೆಂಬ ಅಪೇಕ್ಷೆಯು ಈಚಿನ ದಶಕಗಳಲ್ಲಿ ವಿಶೇಷವಾಗಿ ಬೆಳೆದಿರುತ್ತದೆ. ಈ ಅಪೇಕ್ಷೆಯನ್ನು ಪೂರೈಸಲೆಂದು ನಾಡಿನ ನಾನಾ ಕಡೆಗಳಲ್ಲಿ ಕಟ್ಟಲಾಗುತ್ತಿರುವ ಕುಟೀರಗಳ ಮಾದರಿಯು ಬಹುಮಟ್ಟಿಗೆ ಶೀತದೇಶಗಳಿಂದ ಬಂದುದು. ಹಲಗೆಯ ಗೋಡೆ, ತಗಡಿನ ಇಳಿಜಾರು ಮಾಡು, ಕಾಡಿನ ಕಡೆಗೆ ಗಾಜಿನ ದೊಡ್ಡ ಕಿಟಕಿ, ಇವು ಅದರ ಲಕ್ಷಣಗಳು. ಹಿಮ ಬೀಳುವ, ಸೂಚಿಪರ್ಣ ವೃಕ್ಷಗಳು ದಟ್ಟವಾಗಿ ಬೆಳೆಯುವ ದೇಶದಲ್ಲಿ ಇಂಥ ಮನೆ ಸಹಜವಾದುದು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ, ಸಲ್ಲದಿದ್ದರೆ ಈ ನೆಲಕ್ಕೆ ಒಪ್ಪುವ ಕುಟಿ ಯಾವುದು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನೆಲದ ವಿಚಾರ. ಕಿತ್ತೂರಿನಿಂದ ರಾಮದುರ್ಗಕ್ಕೆ ನೇರ ಅಳತೆಯಲ್ಲಿ 70 ಕಿಲೋಮೀಟರುಗಳಷ್ಟು ಮಾತ್ರ ಅಂತರವಿದ್ದರೂ ಇವೆರಡರ ನಡುವೆ ಹವೆ, ಮಣ್ಣು, ಮರಗಳೆಲ್ಲ ಬದಲಾಗುತ್ತವೆ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿಂದ ಖಾನಾಪುರದ ಕಡೆಗೆ ಹೋದಂತೆ ಮಳೆ ಹೆಚ್ಚುತ್ತದೆ, ಸಾಗವಾನಿ ಮತ್ತಿಗಳ ಕಾಡು ತೋರುತ್ತದೆ. ಬೈಲಹೊಂಗಲದ ಸುತ್ತ ವಿಶಾಲವಾದ ಎರೆಭೂಮಿ. ಸವದತ್ತಿಯಿಂದ ಮೂಡಲಿಗೆ ಮರಳುಗಲ್ಲಿನ ಗುಡ್ಡಸಾಲುಗಳು ಏಳುತ್ತವೆ. ಭೂವಿಜ್ಞಾನಿಗಳು ಕಲಾದಗಿ ಶ್ರೇಣಿಯೆಂದು ಕರೆಯುವ ಈ ಅತಿಪ್ರಾಚೀನ ಶಿಲೆಯನ್ನು ಕೊರೆದುಕೊಂಡೇ ಮಲಪ್ರಭೆಯು ನವಿಲುತೀರ್ಥದ ಕಂದರದಲ್ಲಿ ಹೊರಬೀಳುತ್ತದೆ. ಅಲ್ಲಿ ಈಗ ರೇಣುಕಾಸಾಗರದ ಅಣೆಕಟ್ಟೆಯಿದೆ. ಸವದತ್ತಿ ರಾಮದುರ್ಗಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ರಿಂದ 600 ಮಿಲಿಮೀಟರು. ಇಲ್ಲಿಯ ಅರಣ್ಯವೆಂದರೆ ಮಡ್ಡಿಯ ಮೇಲೆ ಚದುರಿ ನಿಂತ ದಿಂಡಿಗ, ಕಮರ, ಕಾರೆ, ಬಾರೆ, ತಂಗಡಿ, ಬಂದರಿಕೆಗಳು. ಮಲೆನಾಡನ್ನು ಕಂಡವರಿಗೆ ಇದು ಕಾಡೆಂದೇ ತೋರಲಾರದು. ಆದರೆ ಒಂದು ದಿಂಡಿಗದ ಮರ ಇಲ್ಲಿ ತೊಲೆಯಾಗುವಷ್ಟು ಬೆಳೆಯಬೇಕಾದರೆ ಒಂದು ತಲೆಮಾರಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆದ್ದರಿಂದ ಹಲಗೆಯ ಮನೆಯನ್ನು ಈ ಕಾಡಿನಿಂದಲೇ ಕಟ್ಟಿದರೆ ಕಾಡು ಉಳಿಯಲಾರದು; ಹೊರಗಿನಿಂದ ಮರ ತಂದು ಕಟ್ಟಿದರೆ ಗೆದ್ದಲು, ಬೇಸಿಗೆಯ ಬಿಸಿಲು, ತೀರ ಒಣಗಿದ ಗಾಳಿ ಅದನ್ನು ಬಾಳಗೊಡಲಾರವು.

ಈ ಸೀಮೆಯಲ್ಲಿ ಏಕಾಂತಸಾಧನೆ ಹೊಸ ಸಂಗತಿಯೇನಲ್ಲ. ಅದರ ನೆಲೆಗಳು ಬಹುಮಟ್ಟಿಗೆ ಕೊಳ್ಳಗಳಲ್ಲಿವೆಯೆಂಬುದು ಗಮನಿಸತಕ್ಕ ವಿಷಯ. ಬೈಲಹೊಂಗಲ ಸವದತ್ತಿ ಸೀಮೆಗಳ ನಡುವಣ ಸೊಗಲದಲ್ಲಿ ಜಲಪಾತದ ಮಗ್ಗುಲಿಗೆ ಸೋಮೇಶ್ವರನ ಗುಡಿಯಿದೆ. ಅಲ್ಲಿಯ ಶಾಸನವೊಂದು ಚಾಲುಕ್ಯ ಇಮ್ಮಡಿ ತೈಲಪನ ಕಾಲದ್ದು, ಶಕ 902, ಅಂದರೆ ಕ್ರಿ. ಶ. 980ರದು. ರಾಮದುರ್ಗದ ಕಡೆ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ರಟ್ಟರ ರಾಜಧಾನಿಯಾದ ಸುಗಂಧವರ್ತಿ, ಎಂದರೆ ಇಂದಿನ ಸವದತ್ತಿಯ ನೆರೆಯಲ್ಲಿ ಹೂಲಿಯಿದೆ; ಶಾಸನಗಳಲ್ಲಿ ಇದಕ್ಕೆ ಪೂಲಿ ಎಂದು ಹೆಸರು. ಗುಡ್ಡದ ಬುಡದಲ್ಲಿ ಗುಡಿ, ಕೆರೆ, ಮಠಗಳು ಕೂಡಿದ್ದ ಈ ಊರು ಕಾಳಾಮುಖ ಯತಿಗಳ ನೆಲೆಗಳಲ್ಲಿ ಒಂದಾಗಿದ್ದಿತು. ಆ ಕಾಲದ ಶಾಸನಗಳು ಯತಿಗಳನ್ನು ಧ್ಯಾನ, ಧಾರಣೆ, ಮೌನ, ಜಪ, ಸಮಾಧಿಗಳಲ್ಲಿ ನಿರತರೆಂದು ಕೊಂಡಾಡುವುದು ರೂಢಿ. ಹೊಗಳಿಕೆಯ ಬೆನ್ನಿಗೇ ಬರುವ ದಾನದ ವಿವರಗಳನ್ನು ನಾವು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತೇವೆ. ಅವುಗಳತ್ತ ಮುಂದೆ ಮತ್ತೆ ಬರಬೇಕಾಗುತ್ತದೆ.

ಕೊಳ್ಳವನ್ನೇ ಏಕೆ ಆರಿಸಿಕೊಂಡರು? ಮರಳುಗಲ್ಲಿನ ಬಿರುಕುಗಳಲ್ಲಿ ಇಂಗಿದ ಮಳೆಯ ನೀರು ಕೊಳ್ಳದ ಬದಿಯಲ್ಲಿ ಒರತೆಯಾಗಿ ಹೊರಬರುತ್ತದೆ. ಎರಡೂ ಕಡೆಯ ಬಂಡೆಗಳು ಪಡುವಣ ಗಾಳಿಯನ್ನು ತಡೆಯುತ್ತವೆ, ಮಧ್ಯಾಹ್ನದ ನೆರಳನ್ನು ಕೊಡುತ್ತವೆ. ಶ್ವೇತಾಶ್ವತರ ಉಪನಿಷತ್ತು ಯೋಗಾಭ್ಯಾಸದ ಸ್ಥಳವನ್ನು ವಿವರಿಸುವಾಗ ಸಮವಾದ ನೆಲ, ನೀರಿನ ಹಿತವಾದ ಶಬ್ದ, ಗಾಳಿಯಿಲ್ಲದ ಗುಹೆಯ ಆಶ್ರಯ ಇವನ್ನು ಹೇಳುತ್ತದೆ. ಸೊಗಲದಂಥ ಸ್ಥಳವನ್ನು ಕಂಡವರಿಗೆ ಆ ವಿವರಣೆ ಕವಿಕಲ್ಪನೆಯೆಂದು ತೋರುವುದಿಲ್ಲ.

ಕುಟಿಯ ರಚನೆಯ ವಿಷಯದಲ್ಲಿ ಇನ್ನೂ ಸ್ಪಷ್ಟವಾದ ಮಾತುಗಳಿರುವುದು ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ. ಸುಮಾರು 15ನೆಯ ಶತಮಾನದ ಈ ಗ್ರಂಥದ ಪ್ರಕಾರ ಸಾಧಕನ ಮಠವು ಸಣ್ಣ ಬಾಗಿಲಿನದಾಗಿರಬೇಕು; ಅದರಲ್ಲಿ ರಂಧ್ರ, ಕುಳಿ, ಬಿಲಗಳಿರಕೂಡದು; ತೀರ ಎತ್ತರವಾಗಲಿ ತೀರ ತಗ್ಗಾಗಲಿ ಆಗಿರಕೂಡದು; ದಟ್ಟವಾಗಿ ಸೆಗಣಿಯಿಂದ ಸಾರಿಸಿರಬೇಕು; ಹೊರಗೆ ಮಂಟಪ, ಜಗಲಿ, ಬಾವಿ, ಸುತ್ತಲೂ ಆವರಣ ಇರಬೇಕು. ರಂಧ್ರಗಳಿರಬಾರದೆಂಬ ಮಾತನ್ನು ಕೆಲವರು ಚಿತ್ತೈಕಾಗ್ರತೆಗೆ ಮಾತ್ರ ಅನ್ವಯಿಸಿ ಅರ್ಥಮಾಡುತ್ತಾರೆ. ಸವದತ್ತಿ ರಾಮದುರ್ಗಗಳ ಮಡ್ಡಿಯಲ್ಲಿ ಮಣ್ಣು ತುಂಬದೆ ಬರಿಯ ಕಲ್ಲುಗಳನ್ನೇ ಒಟ್ಟಿದ ಗೋಡೆಯ ಬಳಿ ಒಂದು ರಾತ್ರಿ ಮಲಗಿದವರಿಗೆ ಬೇರೊಂದು ಅರ್ಥವೂ ಹೊಳೆಯದಿರದು. ಅಂಥ ಗೋಡೆಯ ಸಂದುಗಳು ಚೇಳುಗಳಿಗೂ ಹಾವುಗಳಿಗೂ ಮೆಚ್ಚಿನ ಮನೆ. ಸಂದು ತುಂಬಿ ಗಿಲಾವು ಮಾಡುವುದು ಇಲ್ಲಿ ಅಲಂಕಾರಕ್ಕಾಗಿಯಲ್ಲ. ಹಾಗೆಯೇ ಹೊರಗಿನ ಮಂಟಪವೂ ಅವಶ್ಯಕ: ಒಳಗೆ ಕೂಡುವುದು ಕೆಲವು ಗಳಿಗೆ ಮಾತ್ರ, ದಿನದ ಉಳಿದ ಕಾಲವೆಲ್ಲ ಕಳೆಯುವುದು ನೆರಳಿನ ಕಟ್ಟೆಯ ಮೇಲೆ.

ಈಗ ಸ್ಥಳದ ಆಯ್ಕೆ. ಕುಟಿಯು ಕಾಡಿನ ನಡುವೆಯೇ ಇರಬೇಕೆಂಬ ಬಯಕೆಯು ನನ್ನ ದೃಷ್ಟಿಯಲ್ಲಿ ಎಲ್ಲ ತೊಡಕುಗಳ ಮೂಲ. ಬೌದ್ಧರ ವಿನಯಪಿಟಕವು ಅರಣ್ಯವಾಸವನ್ನು ನಿರ್ದೇಶಿಸುವ ರೀತಿ ಇಲ್ಲಿ ಬೋಧಪ್ರದವಾಗಿದೆ. ಊರಿನಿಂದ ಕನಿಷ್ಠ 500 ಬಿಲ್ಲುಗಳಷ್ಟು, ಎಂದರೆ ಹೆಚ್ಚು ಕಡಿಮೆ ಒಂದು ಕಿಲೋಮೀಟರಿನಷ್ಟು ದೂರವಿದ್ದರೆ ಅದು ಅರಣ್ಯದ ನಿವಾಸವೇ. ಊರಿನ ಗದ್ದಲ ಕೇಳಿಸದಷ್ಟು ದೂರ, ಭಿಕ್ಷೆಗೆ ನಡೆದುಹೋಗಿ ಬರುವಷ್ಟು ಹತ್ತಿರ. ಅದೇ ವಿನಯದಲ್ಲಿ ಭಿಕ್ಷುವು ತಾನೇ ಬೇಡಿ ಕಟ್ಟಿಕೊಳ್ಳುವ ಕುಟಿಗೆ 12 ಗೇಣು ಉದ್ದ, 7 ಗೇಣು ಅಗಲವೆಂಬ ಮಿತಿಯಿದೆ. ಸ್ಥಳವನ್ನು ಮೊದಲು ಸಂಘಕ್ಕೆ ತೋರಿಸಿ ಒಪ್ಪಿಗೆ ಪಡೆಯಬೇಕು. ಅಲ್ಲಿ ಜೀವಿಗಳಿಗೆ ಬಾಧೆಯಾಗಕೂಡದು. ಸುತ್ತ ತಿರುಗಾಡಲು ತೆರಪಿರಬೇಕು. ಈ ನಿಯಮಗಳ ಹಿನ್ನೆಲೆಯ ಕಥೆಗಳು ಇನ್ನೂ ಸ್ವಾರಸ್ಯವಾಗಿವೆ. ಆಳವಿಯ ಭಿಕ್ಷುಗಳು ಅಳತೆಯಿಲ್ಲದ ಕುಟಿಗಳನ್ನು ಕಟ್ಟಹೊರಟು ಸಾಮಗ್ರಿಗಾಗಿ ಬೇಡಿ ಬೇಡಿ ಜನರನ್ನು ಪೀಡಿಸಿದರು. ಕೌಶಾಂಬಿಯಲ್ಲಿ ಛನ್ನನೆಂಬವನು ವಿಹಾರದ ಸ್ಥಳವನ್ನು ಹಸನು ಮಾಡುವಾಗ ಜನ ಪೂಜಿಸುತ್ತಿದ್ದ ಮರವನ್ನೇ ಕಡಿಸಿಹಾಕಿದನು. ಎರಡು ಸಹಸ್ರ ವರ್ಷಗಳ ಹಿಂದೆಯೇ ಧ್ಯಾನಿಗಳ ಕಟ್ಟಡವು ನೆರೆಹೊರೆಗೆ ಹೊರೆಯಾಗಬಲ್ಲದೆಂದು ಕಂಡುಕೊಂಡಿದ್ದರೆಂಬುದು ಇದರಿಂದ ತಿಳಿದುಬರುತ್ತದೆ.

ಇಂದಿನ ಕಾಯಿದೆಯೂ ಇದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಕೇಂದ್ರಸರಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಅರಣ್ಯೇತರ ಕಾರ್ಯಕ್ಕೆ ಬಳಸಕೂಡದು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಮೊಕದ್ದಮೆಯಲ್ಲಿ ಅರಣ್ಯವೆಂಬ ಶಬ್ದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕೆಂದು ವಿಧಿಸಿತು. 2023ರ ತಿದ್ದುಪಡಿಯು ಅರಣ್ಯ ಇಲಾಖೆಯ ಕಾರ್ಯಯೋಜನೆಯಲ್ಲಿ ಸೇರಿದ ಪರಿಸರ ಪ್ರವಾಸದ ಸೌಕರ್ಯಗಳಿಗೆ ಕೆಲಮಟ್ಟಿನ ಅವಕಾಶವನ್ನು ಕಲ್ಪಿಸಿದೆಯಾದರೂ ಖಾಸಗಿಯವರು ಕಾಡಿನೊಳಗೆ ಕುಟಿ ಕಟ್ಟಲು ಅದು ದಾರಿಯಲ್ಲ. ಆದುದರಿಂದ ಕುಟಿಗೆ ತಕ್ಕ ಸ್ಥಳವೆಂದರೆ ಕಾಡಿಗೆ ಹೊಂದಿದ, ಈಗಾಗಲೇ ಬಂಜರಾದ ಖಾಸಗಿ ಹೊಲದ ಮೇಲಂಚು. ಅದಕ್ಕೂ ಗ್ರಾಮ ಪಂಚಾಯತಿ ಮತ್ತು ಕಂದಾಯ ಇಲಾಖೆಗಳ ಒಪ್ಪಿಗೆ ಬೇಕಾಗುತ್ತದೆ. ಕೊಳ್ಳದ ತಳವಂತೂ ಸರ್ವಥಾ ವರ್ಜ್ಯ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯ ನೆರೆಯು ಸವದತ್ತಿ ರಾಮದುರ್ಗ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿ ಮಣ್ಣಿನ ಮನೆಗಳನ್ನು ಬಹುಸಂಖ್ಯೆಯಲ್ಲಿ ಕೆಡವಿತು. ಬೇಸಿಗೆಯಲ್ಲಿ ಒಣಗಿ ಬಿದ್ದಿರುವ ಹಳ್ಳವನ್ನು ಕಂಡು ಅದರ ಮಗ್ಗುಲಲ್ಲೇ ಅಡಿಗಲ್ಲು ಹಾಕುವವರು ಆ ತಿಂಗಳನ್ನು ನೆನೆಯಬೇಕು.

ಒರತೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಎರೆಭೂಮಿಯಲ್ಲಿ ಮಲಿನ ನೀರು ಮಣ್ಣಿನ ಮೂಲಕ ನಿಧಾನವಾಗಿ ಸೋಸಿ ಇಳಿಯುತ್ತದೆ. ಮರಳುಗಲ್ಲಿನ ಗುಡ್ಡದಲ್ಲಿ ಮಣ್ಣಿನ ಪದರು ತೆಳುವಾಗಿದ್ದು ಕೆಳಗೆ ಬರಿಯ ಬಿರುಕುಗಳಿರುತ್ತವೆ. ಅಲ್ಲಿ ತೋಡಿದ ಶೌಚದ ಗುಂಡಿಯ ನೀರು ಸೋಸದೆಯೇ ಬಿರುಕು ಹಿಡಿದು ಕೊಳ್ಳದ ಒರತೆಯನ್ನು ಸೇರಬಹುದು. ಆ ಒರತೆಯನ್ನು ಕುಡಿಯುವವರು ಜಾತ್ರೆಗೆ ಬಂದವರು, ಕುರಿಗಾರರು, ಕಾಡಿನ ಮೃಗಪಕ್ಷಿಗಳು. ಆದಕಾರಣ ಗುಡ್ಡದ ಮೇಲಿನ ಕುಟಿಗೆ ನೆಲದ ಮೇಲೆ ಕಟ್ಟಿದ ಒಣ ಶೌಚಾಲಯವೇ ಯೋಗ್ಯ. ಅದರಲ್ಲಿ ಎರಡು ತೊಟ್ಟಿಗಳನ್ನು ಸರದಿಯ ಮೇಲೆ ಬಳಸಿ, ಬೂದಿ ಇಲ್ಲವೆ ಹೊಟ್ಟನ್ನು ಹಾಕುತ್ತ, ಒಂದು ವರ್ಷ ಮಾಗಿದ ಗೊಬ್ಬರವನ್ನು ಗಿಡಗಳ ಬುಡಕ್ಕೆ ಹಾಕುವರು.

ಬಳಕೆಯ ನೀರನ್ನು ಒರತೆಯಿಂದ ಎತ್ತಬೇಕಾಗಿಲ್ಲ. 12 ಚದರ ಮೀಟರಿನ ಮಾಡಿನ ಮೇಲೆ 550 ಮಿಲಿಮೀಟರು ಮಳೆ ಬಿದ್ದರೆ ಒಟ್ಟು 6,600 ಲೀಟರು ನೀರಾಗುತ್ತದೆ. ಹಾಸುಗಲ್ಲಿಗೆ ಗಚ್ಚು ಬಳಿದ ಮಾಡಾದರೆ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಕೈಗೆ ಸಿಕ್ಕುವುದೆಂದು ಹಿಡಿಯಬಹುದು. ದಿನಕ್ಕೆ 15 ಲೀಟರಿನಲ್ಲಿ ನಡೆಸುವ ಒಬ್ಬನಿಗೆ ಇದು ಹೆಚ್ಚು ಕಡಿಮೆ ವರ್ಷವಿಡೀ ಸಾಕು. ಮಣ್ಣಿನ ಮಾಳಿಗೆಯು ನೀರನ್ನು ಹೀರುವುದರಿಂದ ಅದರ ಅರ್ಧವೂ ದೊರೆಯುವುದು ಕಷ್ಟ, ದೊರೆತದ್ದೂ ಕದಡಿರುತ್ತದೆ. ತಂಪಿಗೆ ಮಣ್ಣಿನ ಮಾಳಿಗೆ ಮೇಲು, ನೀರಿಗೆ ಕಲ್ಲಿನ ಮಾಡು ಮೇಲು. ಒಳಕೋಣೆಗೆ ಮಾಳಿಗೆಯನ್ನೂ ಹೊರಗಿನ ಮಂಟಪಕ್ಕೆ ಹಾಸುಗಲ್ಲನ್ನೂ ಹೊದಿಸಿ, ಮಂಟಪವನ್ನೇ ದೊಡ್ಡದು ಮಾಡುವುದು ಈ ತೊಡಕಿಗೆ ಒಂದು ಪರಿಹಾರ.

ಗೋಡೆಯ ದಪ್ಪವನ್ನು ನಿರ್ಧರಿಸುವಾಗ ಧ್ಯಾನದ ವೇಳೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಅರ್ಧ ಮೀಟರು ದಪ್ಪದ ಕಲ್ಲು ಮಣ್ಣಿನ ಗೋಡೆಯ ಹೊರಮೈಗೆ ತಾಕಿದ ಬಿಸಿಲಿನ ಕಾವು ಒಳಮೈಯನ್ನು ಮುಟ್ಟುವಷ್ಟರಲ್ಲಿ ಹತ್ತು ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಕಳೆದಿರುತ್ತದೆ. ಮಧ್ಯಾಹ್ನದ ಬಿಸಿ ಒಳಗೆ ಬರುವುದು ನಡುರಾತ್ರಿಯ ಮೇಲೆ. ಚಳಿಗಾಲದ ಬ್ರಾಹ್ಮೀಮುಹೂರ್ತದಲ್ಲಿ ಒಳಗೆ ಕೂಡುವವನಿಗೆ ಇದು ದೊಡ್ಡ ಉಪಕಾರ. ವೈಶಾಖದ ರಾತ್ರಿ ಒಳಗೆ ಮಲಗುವವನಿಗೆ ಅಷ್ಟೇ ಕಷ್ಟ. ಈ ಸೀಮೆಯ ಜನ ಬೇಸಿಗೆಯಲ್ಲಿ ಮಾಳಿಗೆಯ ಮೇಲೋ ಕಟ್ಟೆಯ ಮೇಲೋ ಮಲಗುವ ರೂಢಿ ಇದಕ್ಕೆ ಉತ್ತರ. ಆದುದರಿಂದ ಮಾಳಿಗೆಗೆ ಏರಲು ಹೊರಗಿನಿಂದ ಕಲ್ಲಿನ ಮೆಟ್ಟಿಲು ಬೇಕು. ಪಡುವಣ ಗೋಡೆಯಲ್ಲಿ ಕಿಟಕಿ ಬೇಡ. ಮೂಡಣಕ್ಕೆ ಬಾಗಿಲು, ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಇಷ್ಟು ಸಾಕು. ಸಣ್ಣ ರಂಧ್ರವೊಂದರಿಂದ ಬೇಕಾದುದನ್ನು ಮಾತ್ರ ತೋರಿಸುವ ಕೌಶಲ ಈ ನಾಡಿನ ಶಿಲ್ಪಿಗಳಿಗಿತ್ತು. 1824ರ ಯುದ್ಧದ ಅನಂತರ ಹಾಳುಬಿದ್ದ ಕಿತ್ತೂರಿನ ಅರಮನೆಯಲ್ಲಿ ಧ್ರುವನಕ್ಷತ್ರವನ್ನು ನೋಡಲು ಮಾಡಿದ್ದ ಕಿಂಡಿಯನ್ನು ಇಂದಿಗೂ ತೋರಿಸುತ್ತಾರೆ. ಗಾಜಿನ ಗೋಡೆಯಾದರೋ ಬಿಸಿಲನ್ನು ಒಳಗೆ ಬಿಟ್ಟು ಕಾವನ್ನು ಹೊರಗೆ ಬಿಡದು. ಅದರಲ್ಲಿ ಬಿಂಬಿಸಿದ ಆಕಾಶವನ್ನು ನಿಜವೆಂದು ನಂಬಿ ಹಕ್ಕಿಗಳು ಬಡಿದು ಸಾಯುತ್ತವೆ.

ಮಾಡಿನ ವಿಷಯದಲ್ಲಿ ನಾಲ್ಕು ತಾಲೂಕುಗಳಿಗೂ ಒಂದೇ ವಿಧಿಯನ್ನು ಹೇಳಲಾಗದು. ಕಿತ್ತೂರಿನ ಕಡೆ ಮಳೆ ಹೆಚ್ಚಾದುದರಿಂದ ಇಳಿಜಾರಿನ ಹಂಚಿನ ಮಾಡೇ ತಕ್ಕದು. ಹಂಚಿಗೂ ಕುಂಬಾರಿಕೆಗೂ ಹೆಸರಾದ ಖಾನಾಪುರ ಅಲ್ಲಿಗೆ ಹತ್ತಿರವಿದೆ. ಮೂಡಣ ಭಾಗದಲ್ಲಿ ಜನ ಕಂಡುಕೊಂಡುದು ಮಾಳಿಗೆ. ಕಂಬಗಳ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ಬಂದರಿಕೆಯ ಇಲ್ಲವೆ ಬೇವಿನ ತಪ್ಪಲು, ಕೊನೆಗೆ ಗೇಣುದಪ್ಪನಾಗಿ ತುಳಿದ ಮಣ್ಣು. ಮೇಲುಗಡೆಗೆ ಸವುಳು ಮಣ್ಣನ್ನೇ ಹುಡುಕಿ ತರುವುದುಂಟು. ಹೊಲಕ್ಕೆ ಶತ್ರುವಾದ ಈ ಮಣ್ಣಿನ ಸೂಕ್ಷ್ಮಕಣಗಳು ಮೊದಲ ಮಳೆಗೆ ಹರಡಿ ರಂಧ್ರಗಳನ್ನು ಮುಚ್ಚಿಬಿಡುವುದರಿಂದ ನೀರು ಒಳಗಿಳಿಯುವುದಿಲ್ಲ. ತಗಡಿನ ಮಾಡಿನೊಡನೆ ಇದನ್ನು ಹೋಲಿಸುವವರು ಸಾಮಾನ್ಯವಾಗಿ ತಂಪನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಧ್ಯಾನಕುಟಿಯಲ್ಲಿ ಶಬ್ದವೂ ಅಷ್ಟೇ ಮುಖ್ಯ. ಮಳೆಗಾಲದಲ್ಲಿ ತಗಡಿನ ಕೆಳಗೆ ಒಬ್ಬರ ಮಾತು ಮತ್ತೊಬ್ಬರಿಗೆ ಕೇಳಿಸದು, ಬೇಸಿಗೆಯಲ್ಲಿ ಅದು ಕಾದು ಕಟಕಟನೆಂದು ಸದ್ದು ಮಾಡುತ್ತದೆ. ಮಾಳಿಗೆಯ ಕೆಳಗೆ ಮಳೆ ಬಂದುದು ತಿಳಿಯುವುದು ಹೊರಗೆ ದೋಣಿಯಿಂದ ಬೀಳುವ ನೀರಿನ ಸಪ್ಪಳದಿಂದ.

ಎರೆಭೂಮಿಯಲ್ಲಿ ಅಡಿಪಾಯವು ಗರಸು ಸಿಕ್ಕುವವರೆಗೂ ಇಳಿಯಲೇಬೇಕು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ನಿಂತ ಯಾವ ಗೋಡೆಯೂ ಸೀಳದೆ ಉಳಿಯದು. ಗೋಡೆಗೆ ಕಲ್ಲು ದೊರೆಯದಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ವಿಭಾಗವು ರೂಢಿಗೆ ತಂದ ಇಟ್ಟಿಗೆಗಳನ್ನು ಬಳಸಬಹುದು. ಅಲ್ಪ ಪ್ರಮಾಣದ ಸಿಮೆಂಟನ್ನು ಮಣ್ಣಿಗೆ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ ಈ ಇಟ್ಟಿಗೆಗಳನ್ನು ಸುಡಬೇಕಾಗಿಲ್ಲವಾದ್ದರಿಂದ ಕಟ್ಟಿಗೆ ಉಳಿಯುತ್ತದೆ. ಇದಕ್ಕೆ ಎರೆಮಣ್ಣು ಬಾರದು. ಮಸಾರಿ ಮಣ್ಣು ಬೇಕು.

ತೊಲೆ ಜಂತಿಗಳಿಗೆ ಮರ ಬೇಕೇ ಬೇಕಷ್ಟೆ. ಹೊಲದ ಬದುವಿನ ಜಾಲಿ ಬೇವುಗಳು ಹಿಂದಿನಿಂದಲೂ ಈ ಕೆಲಸಕ್ಕೆ ಬಂದಿವೆ. ಇದಲ್ಲದೆ ಈಗ ಹಳ್ಳಿಗಳಲ್ಲಿ ಮಾಳಿಗೆಯ ಮನೆಗಳನ್ನು ಕಿತ್ತು ಸಿಮೆಂಟಿನ ಮನೆ ಕಟ್ಟುತ್ತಿರುವುದರಿಂದ ಹಳೆಯ ಸಾಗವಾನಿಯ ತೊಲೆ, ಕಂಬ, ಬಾಗಿಲುಗಳು ಮಾರಾಟಕ್ಕೆ ಬರುತ್ತವೆ. ಅಮೆರಿಕದ ಥೋರೋ 1845ರಲ್ಲಿ ವಾಲ್ಡನ್ ಸರೋವರದ ದಂಡೆಯಲ್ಲಿ ತನ್ನ ಪ್ರಸಿದ್ಧ ಕುಟೀರವನ್ನು ಕಟ್ಟಿದಾಗ ಹಲಗೆಗಳನ್ನು ಪಡೆದುದು ರೈಲುರಸ್ತೆಯ ಕೂಲಿಗಾರನೊಬ್ಬನ ಗುಡಿಸಲನ್ನು ಕೊಂಡು ಬಿಚ್ಚಿಸಿ. ಆ ಕುಟೀರದ ಅಳತೆ 10 ಅಡಿಗೆ 15 ಅಡಿ, ಖರ್ಚು 28 ಡಾಲರುಗಳಿಗೆ ತುಸು ಹೆಚ್ಚು. ಜಪಾನಿನ ಕಾಮೋ ನೊ ಚೋಮೇ 1212ರಲ್ಲಿ ಬರೆದ ಗ್ರಂಥದಲ್ಲಿ ವರ್ಣಿಸಿದ ಕುಟಿ ಸುಮಾರು 10 ಅಡಿಯ ಚೌಕ. ಅದನ್ನು ಬಿಚ್ಚಿ ಎರಡು ಬಂಡಿಗಳಲ್ಲಿ ಹೇರಿಕೊಂಡು ಹೋಗಬಹುದಾಗಿತ್ತು. ವಿನಯದ ಕುಟಿಯು, ಗೇಣನ್ನು 25 ಸೆಂಟಿಮೀಟರೆಂದು ಹಿಡಿದರೆ, 3 ಮೀಟರು ಉದ್ದ, ಎರಡು ಮೀಟರಿಗೂ ಕಡಿಮೆ ಅಗಲ. ನಮ್ಮ ಶರಣರ ಶಿವಯೋಗಕ್ಕೆ ಅಂಗೈಯ ಇಷ್ಟಲಿಂಗ, ಒಂದು ಆಸನ, ಒಂದು ದೀಪ ಇವುಗಳಿಗಿಂತ ಹೆಚ್ಚಿನ ಸ್ಥಳ ಬೇಕಾಗಿರಲಿಲ್ಲ. ದೂರದೂರದ ದೇಶಕಾಲಗಳಲ್ಲಿ ಅನುಭವದಿಂದ ಗೊತ್ತಾದ ಈ ಅಳತೆಗಳೆಲ್ಲ 5 ರಿಂದ 14 ಚದರ ಮೀಟರಿನೊಳಗೆ ಬಂದು ನಿಲ್ಲುತ್ತವೆ. ಮೇಲೆ ಹೇಳಿದ 12 ಚದರ ಮೀಟರಿನ ಲೆಕ್ಕಕ್ಕೆ ಇದೇ ಆಧಾರ. ಇದಕ್ಕಿಂತ ದೊಡ್ಡದಾದ ಕುಟಿಗೆ ತೊಲೆ ಉದ್ದವಾಗಬೇಕು, ನಡುವೆ ಕಂಬ ಬೇಕು. ಸ್ನಾನಕ್ಕೆ ಬಿಸಿನೀರು, ಒಳಗೆ ಅಡಿಗೆ ಎಂದು ಸೌಕರ್ಯಗಳು ಒಂದರ ಬೆನ್ನಿಗೆ ಒಂದು ಬಂದು ದಿನದಿನವೂ ಕಾಡಿನ ಕಟ್ಟಿಗೆ ಉರಿಯತೊಡಗುತ್ತದೆ. ಊಟ ಹತ್ತಿರದ ಊರಿನಿಂದ ಬರುವಂತಾದರೆ ಒಲೆಯೂ ತಪ್ಪುತ್ತದೆ, ಊರಿನ ಒಂದೆರಡು ಮನೆಗಳಿಗೆ ಆದಾಯವೂ ಆಗುತ್ತದೆ.

ಇನ್ನು ಶಾಸನಗಳ ದಾನದ ವಿವರಗಳಿಗೆ ಬರೋಣ. ಗುಡಿಗೋ ಮಠಕ್ಕೋ ಭೂಮಿಯನ್ನು ಬಿಡುವಾಗ ದೇವರ ಅಂಗಭೋಗ, ತಪೋಧನರ ಆಹಾರ ವಸ್ತ್ರಗಳ ಜೊತೆಗೆ ಖಂಡಸ್ಫುಟಿತಜೀರ್ಣೋದ್ಧಾರವೆಂಬ ಮಾತು ತಪ್ಪದೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸಲು ಪ್ರತ್ಯೇಕವಾಗಿ ಉತ್ಪನ್ನವನ್ನು ಗೊತ್ತುಮಾಡಿ, ಆಮೇಲೆ ಕಟ್ಟಡವನ್ನು ಯತಿಯ ವಶಕ್ಕೆ ಕೊಡುತ್ತಿದ್ದರು. ಇಂದು ‘ಸುಸ್ಥಿರ’ವೆಂಬ ಶಬ್ದವನ್ನು ನಾವು ಬಹುಶಃ ಸಾಮಗ್ರಿಗೆ ಮಾತ್ರ ಅನ್ವಯಿಸುತ್ತೇವೆ: ಕಲ್ಲು ಸುಸ್ಥಿರ, ಮಣ್ಣು ಸುಸ್ಥಿರ, ಪ್ಲಾಸ್ಟಿಕ್ಕು ಅಲ್ಲ. ಶಾಸನಕಾರರು ಹಾಗೆ ತಿಳಿದಿರಲಿಲ್ಲ. ಕಲ್ಲಿನಿಂದ ಕಟ್ಟಿದ ಗುಡಿಗೂ ಜೀರ್ಣೋದ್ಧಾರದ ಭೂಮಿಯನ್ನು ಬಿಟ್ಟರು. ಮಣ್ಣಿನ ಮಾಳಿಗೆಯಂತೂ ಪ್ರತಿವರ್ಷ ಕೈ ಬೇಡುವ ವಸ್ತು. ಮಿರಗದ ಮಳೆಗೆ ಮೊದಲೇ ಮೇಲಿನ ಹುಲ್ಲು ಕಿತ್ತು, ಇಲಿಯ ಬಿಲಗಳನ್ನು ತುಂಬಿ, ಹೊಸ ಮಣ್ಣನ್ನು ಹಾಕಿ ತುಳಿಯಬೇಕು. ದೊಡ್ಡ ಮಳೆ ಬಿದ್ದ ಮರುದಿನ ಯಾರಾದರೊಬ್ಬರು ಮೇಲೆ ಹತ್ತಿ ನೋಡಿ, ನೀರು ನಿಂತಲ್ಲಿ ಇಳಿಜಾರು ಕೊಟ್ಟು ಬರಬೇಕು. ಮಾಳಿಗೆಯ ಮನೆಗಳು ಹಳ್ಳಿಗಳಲ್ಲಿ ನೂರು ವರ್ಷ ಬಾಳಿದುದು ಅವುಗಳ ಕೆಳಗೆ ವರ್ಷವಿಡೀ ಜನರಿದ್ದುದರಿಂದ. ವಾರಕ್ಕೆ ಎರಡು ದಿನ ಅತಿಥಿಗಳು ಬಂದು ಹೋಗುವ, ಉಳಿದ ದಿನ ಬೀಗ ಹಾಕಿರುವ ಕುಟಿಗೆ ಅದೇ ಮಾಳಿಗೆಯನ್ನು ಹೊದಿಸಿದರೆ ಮೂರನೆಯ ಮಳೆಗಾಲಕ್ಕೆ ಜಂತಿಗಳು ಕೊಳೆಯತೊಡಗುವುವು. ಆಗ ಯಜಮಾನರು ಮಣ್ಣನ್ನು ದೂರಿ ತಗಡನ್ನು ಹೊದಿಸುತ್ತಾರೆ.

ಆದುದರಿಂದ ಕುಟಿಗಳ ಸಮೂಹವೊಂದನ್ನು ಯೋಜಿಸುವವರು ನಕಾಶೆಯೊಡನೆ ಈ ವ್ಯವಸ್ಥೆಯನ್ನೂ ಬರೆದಿಡಬೇಕಾಗುತ್ತದೆ. ಕುಟಿಗಳ ಬಳಿಯೇ ವರ್ಷವಿಡೀ ವಾಸಿಸುವ ಒಂದು ಕುಟುಂಬ. ಮಾಳಿಗೆಯ ಕೆಲಸ ಬಲ್ಲ ಊರಿನ ಇಬ್ಬರಿಗೆ ರೋಹಿಣಿ ಮಳೆಯ ಹೊತ್ತಿಗೆ ಗೊತ್ತಾದ ಕೂಲಿ. ಸವುಳು ಮಣ್ಣು ತರುವ ಸ್ಥಳ ಮತ್ತು ಅದರ ಬಂಡಿಯ ಬಾಡಿಗೆ. ಬದುವಿನಲ್ಲಿ ನೆಟ್ಟು ಬೆಳಸಿದ ಬೇವು ಜಾಲಿಗಳು, ಮುಂದಿನ ತಲೆಮಾರಿನಲ್ಲಿ ಜಂತಿ ಬದಲಾಯಿಸುವಾಗ ಬೇಕಾಗುವಷ್ಟು. ಹತ್ತು ಕುಟಿಗಳ ಯೋಜನೆಯಲ್ಲಿ ಈ ಖರ್ಚಿಗೆ ಹಣ ಸಾಲದಿದ್ದರೆ ಆರನ್ನೇ ಕಟ್ಟಿ, ಉಳಿದ ನಾಲ್ಕರ ಹಣವನ್ನು ಠೇವಣಿಯಿಟ್ಟು ಅದರ ಬಡ್ಡಿಯನ್ನು ಮಾಳಿಗೆಯ ಕೂಲಿಗೂ ಮಣ್ಣಿನ ಬಂಡಿಗೂ ಮೀಸಲಿಡಬಹುದು.